ಗುಮಾಸ್ತರ ಕಟ್ಟೆ: ಎಡಗೈಯಲ್ಲಿ ಚೀಟಿ, ಬಲಗೈಯಲ್ಲಿ ಮೌಸು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ರಾಗ. ಎಕ್ಸೆಲ್ ಶೀಟು ಉದ್ದ ಆಗಿಹೋಗಿದೆ, ಅದರೊಳಗೆ ಓಡಾಡುವುದೇ ಒಂದು ಕೆಲಸವಾಗಿದೆ ಅಂತ. ಅಡಿಕೆ ಸುಗ್ಗಿ ಮುಗಿದು ಮಾರ್ಚ್ ಲೆಕ್ಕ ಹತ್ತಿರ ಬಂದಾಗ ಈ ರಾಗ ಏಳುವುದು ಸಹಜ. ಇಪ್ಪತ್ತಾರು ವರ್ಷ ಮಂಡಿಯಲ್ಲಿ ಲೆಕ್ಕ ಬರೆದವನು ನಾನು, ನನಗೂ ಗೊತ್ತು. ಕೀಬೋರ್ಡ್ ಪಂಡಿತರು "ಕಂಟ್ರೋಲ್ ಹಿಡಿದು ಬಾಣ ಒತ್ತಿ" ಅಂದು ಎದ್ದು ಹೋಗಿಬಿಡುತ್ತಾರೆ. ಮಾತು ಸರಿಯೇ. ಆದರೆ ಅವರು ತೂಕದ ಚೀಟಿ ಹಿಡಿದುಕೊಂಡು ಕೂತವರಲ್ಲ.

ಪ್ರಶ್ನೆ: ಸರ್, ನಮಸ್ಕಾರ. ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಮೂರು ಸುಗ್ಗಿಯ ಲಾಟುಗಳೆಲ್ಲ ಒಂದೇ ಶೀಟಿನಲ್ಲಿವೆ, 23,000 ಸಾಲು ದಾಟಿದೆ. ಹೊಸ ಲಾಟು ಬರೆಯಲು ಪ್ರತಿ ಸಲ ಕೊನೆಗೆ ಹೋಗಬೇಕು, ಹಳೆಯದು ನೋಡಲು ಮೇಲೆ ಬರಬೇಕು. ಎಡಗೈಯ ಹೆಬ್ಬೆರಳು ಚೀಟಿಯ ಮೇಲಿರುತ್ತದೆ, ಎತ್ತಿದರೆ ಯಾವ ಲಾಟಿನಲ್ಲಿದ್ದೆ ಅಂತ ಮರೆತುಹೋಗುತ್ತದೆ. ಮೌಸಿನ ಚಕ್ರ ತಿರುಗಿಸಿ ತಿರುಗಿಸಿ ತೋರುಬೆರಳು ನೋಯುತ್ತಿದೆ. ಒಂದೇ ಕೈಯಲ್ಲಿ ಆಗುವ ದಾರಿ ಇದ್ದರೆ ಹೇಳಿ. (ಶಿವಮೊಗ್ಗ)

ಉತ್ತರ: ತಂಗೀ, ಮೊದಲು ನಿಮ್ಮ ಬೆರಳಿನ ಲೆಕ್ಕ ಹೇಳಿಬಿಡುತ್ತೇನೆ. ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸದಿದ್ದರೆ ಚಕ್ರದ ಒಂದು ಹಲ್ಲಿಗೆ ಶೀಟು ಮೂರು ಸಾಲು ಸರಿಯುತ್ತದೆ. 23,000 ಸಾಲಿಗೆ 7,600ಕ್ಕೂ ಮಿಕ್ಕಿ ಹಲ್ಲು. ಬೆರಳು ನೋಯದೆ ಇನ್ನೇನಾದೀತು?

ಈಗ ಹೀಗೆ ಮಾಡಿ. ಲಾಟ್ ನಂಬರಿನ ಕಾಲಮ್ಮಿನಲ್ಲಿ ಯಾವುದಾದರೂ ಒಂದು ಸೆಲ್ ಕ್ಲಿಕ್ ಮಾಡಿ. ಅದರ ಸುತ್ತ ಹಸಿರು ಗೆರೆಯ ಚೌಕಟ್ಟು ಬರುತ್ತದೆ. ಮೌಸಿನ ಗುರುತು ಸೆಲ್ಲಿನ ನಡುವೆ ಇರುವಾಗ ದಪ್ಪ ಬಿಳಿ ಪ್ಲಸ್ಸಿನಂತೆ ಕಾಣುತ್ತದಲ್ಲ, ಅದನ್ನು ನಿಧಾನ ಕೆಳಗಿನ ಗೆರೆಯ ಮೇಲೆ ತನ್ನಿ. ನಾಲ್ಕು ದಿಕ್ಕಿಗೂ ಬಾಣವಿರುವ ಗುರುತು ಬಂತೋ, ಅಲ್ಲೇ ಡಬಲ್ ಕ್ಲಿಕ್ ಮಾಡಿ. ಕಣ್ಣು ರೆಪ್ಪೆ ಮುಚ್ಚಿ ತೆಗೆಯುವಷ್ಟರಲ್ಲಿ ಕೊನೆಯ ಲಾಟಿನಲ್ಲಿ ಇರುತ್ತೀರಿ. ಮೇಲಿನ ಗೆರೆಗೆ ಡಬಲ್ ಕ್ಲಿಕ್ ಮಾಡಿದರೆ ವಾಪಸ್ ಮೇಲಕ್ಕೆ. ಬಲದ ಗೆರೆಗೆ ಬಲಕ್ಕೆ, ಎಡದ ಗೆರೆಗೆ ಎಡಕ್ಕೆ. ಪಂಡಿತರ ಕಂಟ್ರೋಲ್-ಬಾಣ ಮಾಡುವ ಕೆಲಸ ಇಷ್ಟೇ. ನಿಮ್ಮ ಹೆಬ್ಬೆರಳು ಚೀಟಿ ಬಿಟ್ಟು ಏಳಬೇಕಾಗಿಲ್ಲ.

ಲಾಟ್ ನಂಬರಿನ ಕಾಲಮ್ಮೇ ಏಕೆ ಅಂದರೆ ಈ ಓಟ ಖಾಲಿ ಸೆಲ್ ಸಿಕ್ಕಲ್ಲಿ ನಿಂತುಬಿಡುತ್ತದೆ. ಮುಂಗಡದ ಕಾಲಮ್ಮಿನಲ್ಲಿ ಮಾಡಿ ನೋಡಿ, ಮುಂಗಡ ತೆಗೆದುಕೊಳ್ಳದ ಬೆಳೆಗಾರರು ಬಂದಲ್ಲೆಲ್ಲ ನಿಲ್ಲುತ್ತದೆ, ಹಳ್ಳಿ ಬಸ್ಸಿನಂತೆ. ಲಾಟ್ ನಂಬರ್ ಇಲ್ಲದ ಸಾಲು ಇರುವುದಿಲ್ಲ, ಆದ್ದರಿಂದ ಆ ಕಾಲಮ್ಮಿನಲ್ಲಿ ಕೆಳಗಿಳಿದು ಆಮೇಲೆ ಪಕ್ಕಕ್ಕೆ ಸರಿಯಿರಿ.

ಇನ್ನೊಂದು ಲಾಭ. ತೂಕದ ಕಾಲಮ್ಮಿನ ಮೊದಲ ಸೆಲ್ ಕ್ಲಿಕ್ ಮಾಡಿ, ಶಿಫ್ಟ್ ಒತ್ತಿಕೊಂಡು ಕೆಳಗಿನ ಗೆರೆಗೆ ಡಬಲ್ ಕ್ಲಿಕ್ ಮಾಡಿ. ಕೊನೆಯವರೆಗೂ ಸೆಲೆಕ್ಟ್ ಆಗಿ, ಪರದೆಯ ಕೆಳಪಟ್ಟಿಯಲ್ಲಿ ಒಟ್ಟು ತೂಕ ತಾನಾಗಿ ಕಾಣುತ್ತದೆ. ಸೂತ್ರ ಬರೆಯುವುದು ಬೇಡ, ಕ್ಯಾಲ್ಕ್ಯುಲೇಟರ್ ಬೇಡ. ಶಿಫ್ಟ್ ಒತ್ತಲು ಎಡಗೈಯ ಕಿರುಬೆರಳು ಸಾಕು, ಹೆಬ್ಬೆರಳು ಚೀಟಿಯ ಮೇಲೇ ಇರಲಿ. ನಾನು ಹಾಗೇ ಮಾಡುತ್ತಿದ್ದೆ.

ಇನ್ನು ಎಚ್ಚರಿಕೆಯ ಮಾತು, ಇದನ್ನು ಎರಡು ಸಲ ಓದಿ. ಆ ಹಸಿರು ಚೌಕಟ್ಟಿನ ಬಲಗಡೆ ಕೆಳಮೂಲೆಯಲ್ಲಿ ಒಂದು ಪುಟ್ಟ ಚೌಕದ ಚುಕ್ಕೆ ಇದೆ. ಅದರ ಮೇಲೆ ಹೋದರೆ ಮೌಸಿನ ಗುರುತು ಸಣ್ಣ ಕರಿ ಪ್ಲಸ್ ಆಗುತ್ತದೆ. ಅಲ್ಲಿ ಡಬಲ್ ಕ್ಲಿಕ್ ಮಾಡಿದರೆ ನೀವು ಕೆಳಗೆ ಹೋಗುವುದಿಲ್ಲ, ನಿಮ್ಮ ಸೆಲ್ಲಿನಲ್ಲಿರುವುದು ಕೆಳಗಿನ ಸೆಲ್ಲುಗಳಿಗೆಲ್ಲ ಇಳಿಯುತ್ತದೆ. ಅಲ್ಲಿ ಮೊದಲೇ ಇದ್ದದ್ದನ್ನು ಅಳಿಸಿಕೊಂಡೇ ಇಳಿಯುತ್ತದೆ, ಒಂದು ಮಾತೂ ಕೇಳುವುದಿಲ್ಲ.

ನನ್ನ ಕೈಯಲ್ಲಿ ಇದು ಆಗಿದೆ. ಟೆಂಡರ್ ಮುಗಿದ ಸಂಜೆ, ದರ ಬರೆದಾಗಿತ್ತು. ಕೊನೆಯ ಸಾಲು ನೋಡೋಣ ಅಂತ ದರದ ಕಾಲಮ್ಮಿನಲ್ಲಿ ಗೆರೆಗೆ ಗುರಿ ಇಟ್ಟೆ, ತಾಗಿದ್ದು ಮೂಲೆಯ ಚುಕ್ಕೆಗೆ. ನಾನಿದ್ದ ಸಾಲು ಸರಕು ಅನ್ನುವ ದರ್ಜೆಯ ಅಡಿಕೆಯದು. ಮಂಡಿಗೆ ಬರುವ ಸರಕು, ಬೆಟ್ಟೆ, ರಾಶಿ, ಗೊರಬಲು ಅನ್ನುವ ದರ್ಜೆಗಳಲ್ಲಿ ಮೇಲಿನ ದರ ಸರಕಿಗೆ, ಕೆಳಗಿನದು ಗೊರಬಲಿಗೆ. ಆವತ್ತು ನನ್ನ ಶೀಟಿನಲ್ಲಿ ಅಲ್ಲಿಂದ ಕೆಳಗಿದ್ದವರಿಗೆಲ್ಲ ಸರಕಿನ ದರ. ನಾನು ನೋಡಲೇ ಇಲ್ಲ, ಪ್ರಿಂಟ್ ಕೊಟ್ಟು ಟೀ ಕುಡಿಯಲು ಹೋದೆ. ಗೊರಬಲು ತಂದಿದ್ದ ಹೊಸನಗರ ಕಡೆಯ ಅಜ್ಜ ಒಬ್ಬರು ತಮ್ಮ ಪಟ್ಟಿ ಹಿಡಿದುಕೊಂಡು ಕೌಂಟರಿಗೆ ವಾಪಸ್ ಬಂದು, "ಇದು ನಮ್ಮ ದುಡ್ಡಲ್ಲ ಮಾರಾಯಾ, ಸರಿ ನೋಡು" ಅಂದರು. ಆ ಅಜ್ಜ ಸುಮ್ಮನೆ ಮನೆಗೆ ಹೋಗಿದ್ದರೆ ನನ್ನ ಮೂರು ತಿಂಗಳ ಸಂಬಳ ಅವರ ಸಂಚಿಯಲ್ಲಿ ಇರುತ್ತಿತ್ತು. ಅವತ್ತಿನಿಂದ ಗೆರೆಯ ಬಲಮೂಲೆಯ ಕಡೆ ಹೋಗುವುದಿಲ್ಲ, ಎಡಗಡೆಯ ಅರ್ಧದಲ್ಲೇ ಕ್ಲಿಕ್ಕು. ನೀವೂ ಹಾಗೇ ಮಾಡಿ. ತಪ್ಪಿದರೆ ತಕ್ಷಣ ಕಂಟ್ರೋಲ್ ಝಡ್ ಒತ್ತಿ, ಟೀ ಆಮೇಲೆ.

ಗೆರೆಯ ಮೇಲೆ ಎರಡು ಕ್ಲಿಕ್ಕಿನ ನಡುವೆ ಕೈ ಜಾರಿದರೂ ಒಂದು ತೊಂದರೆ ಇದೆ. ಸೆಲ್ಲೇ ಎದ್ದು ಪಕ್ಕದ ಸೆಲ್ಲಿಗೆ ಹೋಗಿ ಕೂರುತ್ತದೆ. ಹೋಗುವ ಜಾಗದಲ್ಲಿ ಮೊದಲೇ ಏನಾದರೂ ಇದ್ದರೆ ಎಕ್ಸೆಲ್ ಕೇಳುತ್ತದೆ, ಖಾಲಿ ಇದ್ದರೆ ಕೇಳುವುದಿಲ್ಲ. ಒಂದು ವೇಳೆ ನಾಲ್ಕು ಬಾಣದ ಗುರುತು ಬರುವುದೇ ಇಲ್ಲ ಅಂದರೆ ಯಾರೋ ಆ ಸೌಕರ್ಯ ಆರಿಸಿಟ್ಟಿದ್ದಾರೆ ಅಂತ ಅರ್ಥ. ಫೈಲ್, ಆಪ್ಷನ್ಸ್, ಅಡ್ವಾನ್ಸ್‌ಡ್ ಒಳಗೆ ಫಿಲ್ ಹ್ಯಾಂಡಲ್ ಮತ್ತು ಡ್ರ್ಯಾಗ್ ಅಂಡ್ ಡ್ರಾಪ್ ಅಂತ ಇರುವ ಸಾಲಿಗೆ ಟಿಕ್ ಹಾಕಿ.

ಪ್ರಶ್ನೆ: ನಮ್ಮ ಅಪ್ಪ ಮನೆಯಂಗಳದ ಮಳೆಮಾಪಕ ನೋಡಿ ದಿನವೂ ಡೈರಿಯಲ್ಲಿ ಬರೆದಿಟ್ಟಿದ್ದಾರೆ, 1994ರ ಜನವರಿ 1ರಿಂದ 2023ರ ಡಿಸೆಂಬರ್ 31ರವರೆಗೆ. ಅಷ್ಟನ್ನೂ ಎಕ್ಸೆಲ್‌ಗೆ ಹತ್ತಿಸಿದೆ. ದಿನಾಂಕ, ಮಳೆ ನಕ್ಷತ್ರ, ಇಂಚು, ಷರಾ, ನಾಲ್ಕೇ ಕಾಲಂ. ಬೇಕಾದ ವರ್ಷಕ್ಕೆ ಹೋಗುವುದು ಹರಸಾಹಸ. ಜೂನ್ 94ಕ್ಕೆ ಹೆಸರು ಕೊಟ್ಟರೆ ನೇರ ಹೋಗಬಹುದು ಅಂತ ಯಾರೋ ಅಂದರು. ಕೊಡಲು ಹೋದರೆ ಎಲ್ಲೋ ಬಯಲಿಗೆ ಕರೆದುಕೊಂಡು ಹೋಗಿ ಬಿಟ್ಟಿತು, ಒಂದಕ್ಷರ ಇಲ್ಲ. ನೀವು ಹೇಳುವ ಗೆರೆಯ ಡಬಲ್ ಕ್ಲಿಕ್ಕನ್ನೂ ಇಂಚಿನ ಕಾಲಮ್ಮಿನಲ್ಲಿ ಮಾಡಿದೆ, ನಾಲ್ಕು ಸಾಲಿಗೊಮ್ಮೆ ನಿಲ್ಲುತ್ತದೆ. (ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಮಾರಾಯ್ರೇ, ಈ ಕಾಗದ ಓದಿ ನನಗೆ ನಿಮ್ಮ ಶೀಟು ನೋಡುವ ಆಸೆಯಾಗಿದೆ. 30 ವರ್ಷ, 10,957 ದಿನ. ತಲೆಬರಹದ ಸಾಲು ಸೇರಿಸಿ ನಿಮ್ಮ ಕೊನೆಯ ಸಾಲು 10,958 ಇರಬೇಕು. ದಿನಾಂಕದ ಕಾಲಮ್ಮಿನಲ್ಲಿ ಕೆಳಗಿನ ಗೆರೆಗೆ ಡಬಲ್ ಕ್ಲಿಕ್ ಮಾಡಿ ನೋಡಿ. ಬೇರೆ ಸಂಖ್ಯೆ ಬಂದರೆ ಹತ್ತಿಸುವಾಗ ದಿನವೊಂದು ತಪ್ಪಿದೆ ಅಥವಾ ಎರಡು ಸಲ ಬಂದಿದೆ.

ಬಯಲಿಗೆ ಹೋದ ಕಥೆ ಹೀಗೆ. ಸೂತ್ರಪಟ್ಟಿಯ ಎಡಕ್ಕೆ ಸೆಲ್ಲಿನ ವಿಳಾಸ ತೋರಿಸುವ ಪುಟ್ಟ ಪೆಟ್ಟಿಗೆ ಇದೆ, ನೇಮ್ ಬಾಕ್ಸ್. ಅಲ್ಲಿ ನೀವು ಇಂಗ್ಲಿಷಿನಲ್ಲಿ ಜೆ, ಯು, ಎನ್, ಆಮೇಲೆ 94 ಅಂತ ಹೊಡೆದಿದ್ದೀರಿ. ನೀವು ಹೆಸರಿಟ್ಟೆ ಅಂದುಕೊಂಡಿರಿ, ಎಕ್ಸೆಲ್ ಅದನ್ನು ವಿಳಾಸ ಅಂತ ಓದಿತು. 2007ರ ಆವೃತ್ತಿಯಿಂದ ಈಚೆಗೆ ಕಾಲಮ್ಮುಗಳು 16,384 ಇವೆ, ಅವುಗಳ ಹೆಸರು ಮೂರು ಅಕ್ಷರದವರೆಗೂ ಹೋಗುತ್ತದೆ. ಜೆಯುಎನ್ ಅನ್ನುವುದು 7,320ನೇ ಕಾಲಂ. ಅಲ್ಲಿಯ 94ನೇ ಸಾಲಿಗೆ ನಿಮ್ಮನ್ನು ಮುಟ್ಟಿಸಿದೆ, ಅದರ ಲೆಕ್ಕದಲ್ಲಿ ಹೇಳಿದ ಕೆಲಸ ಮಾಡಿದೆ. ಅದಕ್ಕೂ ಹಿಂದಿನ ಎಕ್ಸೆಲ್‌ನಲ್ಲಿ 256 ಕಾಲಂ ಮಾತ್ರ ಇದ್ದದ್ದರಿಂದ ಈ ಫಜೀತಿ ಇರಲಿಲ್ಲ. ನಾಲ್ಕಕ್ಷರದ ಹೆಸರು ಕೊಡಿ. ಮಳೆ ಅನ್ನುವ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ male ಅಂತ ಬರೆದು ಜಾಗ ಬಿಡದೆ 94 ಸೇರಿಸಿ. (ಇಂಗ್ಲಿಷ್ ಓದುವವರು ಅದನ್ನು ಗಂಡಸು ಅಂತ ಓದುತ್ತಾರೆ, ಓದಿಕೊಳ್ಳಲಿ.) 1994ರ ಜೂನ್ 1 ನಿಮ್ಮ ಶೀಟಿನ 153ನೇ ಸಾಲು. ಆ ಸೆಲ್ ಕ್ಲಿಕ್ ಮಾಡಿ, ಪೆಟ್ಟಿಗೆಯಲ್ಲಿ ಹೆಸರು ಹೊಡೆದು ಎಂಟರ್ ಒತ್ತಿ. ಎಂಟರ್ ಒತ್ತದೆ ಬಿಟ್ಟರೆ ಹೆಸರು ನಿಲ್ಲುವುದಿಲ್ಲ. ಆಮೇಲೆ ಪೆಟ್ಟಿಗೆಯ ಪಕ್ಕದ ಬಾಣ ಕ್ಲಿಕ್ ಮಾಡಿದರೆ ಹೆಸರುಗಳ ಪಟ್ಟಿ ಇಳಿಯುತ್ತದೆ, ಬೇಕಾದದ್ದಕ್ಕೆ ಒಂದು ಕ್ಲಿಕ್ಕು.

ಮೂವತ್ತು ವರ್ಷಕ್ಕೂ ಹೆಸರಿಡುತ್ತ ಕೂರಬೇಡಿ. ಮತ್ತೆ ಮತ್ತೆ ನೋಡುವ ವರ್ಷಗಳಿಗೆ ಸಾಕು. ಶಿವಮೊಗ್ಗದೊಳಗೆ ತುಂಗೆ ನುಗ್ಗಿದ 2019ರ ಆಗಸ್ಟ್ ಅಂತೂ ಬೇಕೇ ಬೇಕು, 9,345ನೇ ಸಾಲಿನಿಂದ ಶುರು. ಮಳೆ ಕೈಕೊಟ್ಟ 2023ರ ಜೂನ್ 10,745ರಲ್ಲಿ. ಉಳಿದದ್ದಕ್ಕೆ ಬಲಗಡೆಯ ಸ್ಕ್ರಾಲ್ ಪಟ್ಟಿಯ ಗುಬುಟು ಹಿಡಿದು ಎಳೆಯಿರಿ, ಎಳೆಯುವಾಗ ಪಕ್ಕದಲ್ಲಿ ಸಾಲಿನ ಸಂಖ್ಯೆ ತೋರಿಸುತ್ತ ಹೋಗುತ್ತದೆ. ಒಂದು ವರ್ಷಕ್ಕೆ 365 ಸಾಲು ಅಂತ ನಿಮಗೆ ಗೊತ್ತೇ ಇದೆಯಲ್ಲ.

ಈಗ ನಿಮ್ಮ ಮುಖ್ಯ ತಕರಾರು, ನಾಲ್ಕು ಸಾಲಿಗೊಮ್ಮೆ ನಿಲ್ಲುವುದು. ಮಳೆ ಇಲ್ಲದ ದಿನ ಅಪ್ಪ ಏನೂ ಬರೆಯದೆ ಬಿಟ್ಟಿರಬೇಕು, ನೀವೂ ಖಾಲಿ ಬಿಟ್ಟಿದ್ದೀರಿ. ಹಾಗಾಗಿ ಒಂದು ಡಬಲ್ ಕ್ಲಿಕ್ಕಿಗೆ ಮಳೆ ಹಿಡಿದುಕೊಂಡ ದಿನಗಳ ಕೊನೆ, ಇನ್ನೊಂದಕ್ಕೆ ಹೊಳವು ದಾಟಿ ಮುಂದಿನ ಮಳೆ. ಬೇಸರ ಮಾಡಿಕೊಳ್ಳಬೇಡಿ, ಒಂದು ಜುಲೈ ತಿಂಗಳಲ್ಲಿ ಹೀಗೇ ಹಾರುತ್ತ ಹೋಗಿ. ಹೊಳವೇ ಕೊಡದೆ ಸುರಿದ ವರ್ಷ ಒಂದೇ ಹಾರಿಗೆ ತಿಂಗಳು ದಾಟುತ್ತೀರಿ, ಕೈಕೊಟ್ಟ ವರ್ಷ ಕುಂಟುತ್ತ ಹೋಗುತ್ತೀರಿ. ಸಂಖ್ಯೆ ಓದದೆಯೇ ಬೆರಳಿಗೆ ಗೊತ್ತಾಗುತ್ತದೆ.

ಆದರೆ ಶೀಟು ಹಾಗೇ ಇರುವುದು ಬೇಡ. ಖಾಲಿ ಸೆಲ್ಲಿಗೆ ಎರಡು ಅರ್ಥ ಇದೆ. ಮಳೆ ಬರಲಿಲ್ಲ ಅನ್ನುವುದು ಒಂದು, ನೋಡಲಿಲ್ಲ ಅನ್ನುವುದು ಇನ್ನೊಂದು. ಅಪ್ಪ ಮದುವೆಗೋ ಆಸ್ಪತ್ರೆಗೋ ಹೋದ ದಿನವೂ ಖಾಲಿ, ಜನವರಿಯ ಬಿಸಿಲೂ ಖಾಲಿ. ಡೈರಿ ಮುಂದಿಟ್ಟುಕೊಂಡು, ಮಳೆ ಇಲ್ಲ ಅಂತ ಖಾತ್ರಿ ಇರುವ ದಿನಕ್ಕೆ 0 ಹಾಕಿ. ನೋಡದ ದಿನ ಮಾತ್ರ ಖಾಲಿ ಇರಲಿ. ಒಂದು ಮಳೆಗಾಲ ಹಿಡಿಯುವ ಕೆಲಸ, ಒಪ್ಪುತ್ತೇನೆ. ಮುಗಿದ ಮೇಲೆ ಮೊದಲ ಸಾಲಿನಿಂದ ಡಬಲ್ ಕ್ಲಿಕ್ ಮಾಡಿ. ಈಗ ನಿಲ್ಲುವುದು ತಪ್ಪಿದ ದಿನದ ಹತ್ತಿರ ಮಾತ್ರ. ಮೂವತ್ತು ವರ್ಷದಲ್ಲಿ ಅಪ್ಪ ಮಳೆಮಾಪಕದ ಹತ್ತಿರ ಹೋಗದ ದಿನಗಳಷ್ಟೂ ಹತ್ತು ನಿಮಿಷದಲ್ಲಿ ಸಿಗುತ್ತವೆ.

ಸರಾಸರಿಗೂ ಇದು ಬೇಕು. ಪುನರ್ವಸು ಅಂತಿರುವ ಯಾವುದಾದರೂ ಸೆಲ್ ಮೇಲೆ ಬಲ ಕ್ಲಿಕ್ ಮಾಡಿ, ಫಿಲ್ಟರ್ ಅನ್ನುವಲ್ಲಿ ಆಯ್ದ ಸೆಲ್ಲಿನ ಮೌಲ್ಯದಂತೆ ಸೋಸುವ ಆಯ್ಕೆ ಇದೆ, ಅದನ್ನು ಒತ್ತಿ. ಮೂವತ್ತು ವರ್ಷದ ಪುನರ್ವಸು ಮಳೆ ಮಾತ್ರ, ಸುಮಾರು 400 ಸಾಲು, ಕಣ್ಣ ಮುಂದೆ ಉಳಿಯುತ್ತದೆ. ಸಾಲಿನ ಸಂಖ್ಯೆಗಳು ನೀಲಿ ಆಗಿರುತ್ತವೆ, ಉಳಿದದ್ದು ಅಳಿಸಿಹೋಯಿತು ಅಂತ ಗಾಬರಿ ಬೇಡ, ಅಡಗಿವೆ ಅಷ್ಟೆ. ಇಂಚಿನ ಕಾಲಮ್ಮಿನ ತಲೆಯ ಅಕ್ಷರ ಕ್ಲಿಕ್ ಮಾಡಿದರೆ ಕೆಳಪಟ್ಟಿಯಲ್ಲಿ ಒಟ್ಟು, ಸರಾಸರಿ ಎರಡೂ ಬರುತ್ತವೆ. ಆ ಸರಾಸರಿ ಖಾಲಿ ಸೆಲ್ಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 0 ಹಾಕದಿದ್ದರೆ ನಿಮಗೆ ಸಿಗುವುದು ಮಳೆ ಬಂದ ದಿನಗಳ ಸರಾಸರಿ, ಪುನರ್ವಸುವಿನ ಸರಾಸರಿ ಅಲ್ಲ. ಇನ್ನು, ಹವಾಮಾನ ಇಲಾಖೆಯ ಅಂಕಿಯ ಜೊತೆ ಹೋಲಿಸುವುದಾದರೆ ಅವರ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30, ಲೆಕ್ಕ ಮಿಲಿಮೀಟರಿನಲ್ಲಿ. ಇಂಚನ್ನು 25.4ರಿಂದ ಗುಣಿಸಿ. ಅಪ್ಪ ಎಷ್ಟು ಗಂಟೆಗೆ ನೋಡುತ್ತಿದ್ದರು ಅಂತ ಅವರನ್ನೇ ಕೇಳಿ ಷರಾದಲ್ಲಿ ಬರೆದಿಡಿ.

ಪ್ರಶ್ನೆ: ಸ್ಕ್ರಾಲ್ ಪಟ್ಟಿಯ ಗುಬುಟು ಕಡಲೆಕಾಳಿನಷ್ಟಾಗಿದೆ. ಸ್ವಲ್ಪ ಎಳೆದರೆ ಲಕ್ಷದ ಸಾಲಿಗೆ ಹೋಗಿ ಬೀಳುತ್ತೇನೆ. ನಮ್ಮ ಸಂಘದ ಸದಸ್ಯರೇ 1,200. (ಸಾಗರ)

ಉತ್ತರ: ಶೀಟಿನ ಪಾತಾಳದಲ್ಲಿ ಯಾರದೋ ಬೆರಳು ತಾಗಿ ಒಂದು ಸ್ಪೇಸ್ ಬಿದ್ದಿದೆ, ಇಲ್ಲವೇ ಸದಸ್ಯರು ಮುಗಿದ ಮೇಲೂ ಲಕ್ಷದ ಸಾಲಿನವರೆಗೆ ಬಾರ್ಡರ್ ಎಳೆದಿದ್ದೀರಿ. ಶೀಟಿನಲ್ಲಿ ಇರುವುದು 10,48,576 ಸಾಲು. ಎಲ್ಲಿಯವರೆಗೆ ಕೈ ತಾಗಿದೆಯೋ ಅಲ್ಲಿಯವರೆಗೂ ಬಳಕೆಯಲ್ಲಿದೆ ಅಂತ ಎಕ್ಸೆಲ್ ನಂಬುತ್ತದೆ, ಗುಬುಟು ಅದಕ್ಕೆ ತಕ್ಕಂತೆ ಕುಗ್ಗುತ್ತದೆ. ಕಂಟ್ರೋಲ್ ಎಂಡ್ ಒತ್ತಿದರೆ ಆ ಕೊನೆಯ ಜಾಗ ತೋರಿಸುತ್ತದೆ. ಕೊನೆಯ ಸದಸ್ಯರ ಕೆಳಗಿನ ಸಾಲಿನ ಸಂಖ್ಯೆ ಕ್ಲಿಕ್ ಮಾಡಿ, ಗುಬುಟನ್ನು ಕೆಳಗೆ ಎಳೆದು ಕಂಟ್ರೋಲ್ ಎಂಡ್ ತೋರಿಸಿದ ಸಾಲಿನ ಸಂಖ್ಯೆಯನ್ನು ಶಿಫ್ಟ್ ಹಿಡಿದು ಕ್ಲಿಕ್ ಮಾಡಿ. ಸಂಖ್ಯೆಗಳ ಮೇಲೆ ಬಲ ಕ್ಲಿಕ್, ಡಿಲೀಟ್. ಕೀಬೋರ್ಡಿನ ಡಿಲೀಟ್ ಒತ್ತಬೇಡಿ, ಅದು ಬರಹ ಅಳಿಸುತ್ತದೆ, ಬಾರ್ಡರ್ ಹಾಗೇ ಉಳಿಯುತ್ತದೆ. ಸೇವ್ ಮಾಡಿ. ಮೊದಲು ಫೈಲಿನ ಇನ್ನೊಂದು ಪ್ರತಿ ಇಟ್ಟುಕೊಂಡಿರಿ ಅಂತ ಬೇರೆ ಹೇಳಬೇಕಿಲ್ಲವಷ್ಟೆ.

ಪ್ರಶ್ನೆ: ಬಾಣದ ಕೀ ಒತ್ತಿದರೆ ಸೆಲ್ ಸರಿಯುವ ಬದಲು ಇಡೀ ಶೀಟು ಸರಿಯುತ್ತದೆ. ಕಂಪ್ಯೂಟರ್ ರಿಪೇರಿಗೆ ಕೊಡಬೇಕೆ? (ಕೊಪ್ಪ)

ಉತ್ತರ: ಬೇಡ. ಸ್ಕ್ರಾಲ್ ಲಾಕ್ ಬಿದ್ದಿದೆ. ಆ ಕೀ ಇನ್ನೊಮ್ಮೆ ಒತ್ತಿ. ಲ್ಯಾಪ್‌ಟಾಪಿನಲ್ಲಿ ಆ ಕೀ ಕಾಣದಿದ್ದರೆ ವಿಂಡೋಸ್‌ನ ಪರದೆ ಕೀಬೋರ್ಡ್ ತೆರೆದು ಅಲ್ಲಿ ಮೌಸಿನಿಂದಲೇ ಒತ್ತಬಹುದು.

ಪ್ರಶ್ನೆ: ದಿನಕ್ಕೊಂದರಂತೆ ತಿಂಗಳಿಗೆ 31 ಶೀಟು ಮಾಡುತ್ತೇನೆ. 27ನೇ ತಾರೀಖಿಗೆ ಹೋಗಲು ಕೆಳಗಿನ ಬಾಣ ಒತ್ತಿ ಒತ್ತಿ ಸಾಕಾಗಿದೆ. (ಭದ್ರಾವತಿ)

ಉತ್ತರ: ಆ ಬಾಣಗಳ ಮೇಲೆ ಬಲ ಕ್ಲಿಕ್ ಮಾಡಿ. ಶೀಟುಗಳೆಲ್ಲ ಪಟ್ಟಿಯಾಗಿ ಬರುತ್ತವೆ, 27ನ್ನು ಡಬಲ್ ಕ್ಲಿಕ್ ಮಾಡಿ. ಆದರೆ ನನ್ನನ್ನು ಕೇಳಿದರೆ 31 ಶೀಟೇ ತಪ್ಪು. ದಿನಾಂಕ ಬರೆಯಲು ಒಂದು ಕಾಲಂ ಇಟ್ಟು ಎಲ್ಲ ಒಂದೇ ಶೀಟಿನಲ್ಲಿ ಬರೆಯಿರಿ. ಹರಿದು ಹಂಚಿದ ಲೆಕ್ಕಕ್ಕಿಂತ ಉದ್ದದ ಲೆಕ್ಕ ವಾಸಿ.

ಪ್ರಶ್ನೆ: ನಮ್ಮ ಶೀಟಿಗೆ 60 ಕಾಲಂ. ಬಲಕ್ಕೆ ಹೋದರೆ ಬೆಳೆಗಾರರ ಹೆಸರು ಮರೆಯಾಗುತ್ತದೆ, ಯಾರ ಲೆಕ್ಕ ನೋಡುತ್ತಿದ್ದೇನೆ ಅಂತಲೇ ತಿಳಿಯುವುದಿಲ್ಲ. ಚಕ್ರ ತಿರುಗಿಸಿ ಅಡ್ಡ ಹೋಗಲು ಬರುತ್ತದೆಯೇ? (ಶೃಂಗೇರಿ)

ಉತ್ತರ: ಬರುತ್ತದೆ. ಹೊಸ ಎಕ್ಸೆಲ್ ಆದರೆ ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಹಿಡಿದು ಚಕ್ರ ತಿರುಗಿಸಿ. ಲಿಬ್ರೆ ಆಫೀಸ್ ಆದರೆ ಶಿಫ್ಟ್ ಒಂದೇ ಸಾಕು. ಬರಿಯ ಕಂಟ್ರೋಲ್ ಹಿಡಿದರೆ ಅಕ್ಷರ ದೊಡ್ಡದು ಚಿಕ್ಕದು ಆಗುತ್ತದೆ, ಹೆದರಬೇಡಿ. ಹಳೆಯ ಎಕ್ಸೆಲ್‌ನಲ್ಲಿ ಚಕ್ರವನ್ನೇ ಗುಂಡಿಯಂತೆ ಒತ್ತಿ ಬಿಡಿ, ಒಂದು ಗುರುತು ಮೂಡುತ್ತದೆ. ಆಮೇಲೆ ಮೌಸನ್ನು ಯಾವ ಕಡೆ ಸರಿಸುತ್ತೀರೋ ಆ ಕಡೆ ಶೀಟು ತಾನೇ ಹರಿಯುತ್ತದೆ, ದೂರ ಸರಿಸಿದಷ್ಟೂ ಜೋರು. ನಿಲ್ಲಿಸಲು ಇನ್ನೊಂದು ಕ್ಲಿಕ್.

ಹೆಸರು ಮರೆಯಾಗದಿರಲು ಹೆಸರಿನ ಬಲಕ್ಕಿರುವ ಕಾಲಮ್ಮಿನಲ್ಲಿ, ತಲೆಬರಹದ ಕೆಳಗಿನ ಸಾಲಿನ ಸೆಲ್ ಕ್ಲಿಕ್ ಮಾಡಿ, ವ್ಯೂ ಒಳಗೆ ಫ್ರೀಜ್ ಪೇನ್ಸ್ ಒತ್ತಿ. ಆ ಸೆಲ್ಲಿನ ಮೇಲಿರುವುದೂ ಎಡಕ್ಕಿರುವುದೂ ನಿಂತಲ್ಲೇ ನಿಲ್ಲುತ್ತವೆ. ಒತ್ತುವ ಮೊದಲು ಶೀಟನ್ನು ಮೇಲಕ್ಕೂ ಎಡಕ್ಕೂ ಪೂರ್ತಿ ತಂದುಕೊಳ್ಳಿ. ಮರೆತರೆ ಮರೆಯಲ್ಲಿದ್ದ ಸಾಲುಗಳು ಸ್ಕ್ರಾಲ್ ಮಾಡಿದರೂ ಸಿಗುವುದಿಲ್ಲ, ಆಮೇಲೆ "ನಮ್ಮ ಮೊದಲ ಇಪ್ಪತ್ತು ಬೆಳೆಗಾರರು ಕಾಣೆಯಾಗಿದ್ದಾರೆ" ಅಂತ ನನಗೆ ಇನ್ನೊಂದು ಕಾಗದ ಬರುತ್ತದೆ. ಹೋದ ತಿಂಗಳು ಬಂದಿತ್ತು.